ಮುಳ್ಳು ಚುಚ್ಚಿದರೂ ನೋಯದ ಕಾಲು

ಹೊಲದಲ್ಲಿ ಬರಿಗಾಲಲ್ಲಿ ನಡೆಯುವ ರೈತನಿಗೆ ಜಾಲಿಮುಳ್ಳು ಹೊಸದಲ್ಲ. ಚುಚ್ಚಿದ ಕೂಡಲೇ ಬದುವಿನ ಮೇಲೆ ಕುಳಿತು ಕೀಳುತ್ತಾನೆ. ಆದರೆ ಮುಳ್ಳು ಒಳಗೇ ಮುರಿದು, ಕೀವಾಗಿ ವಾಸನೆ ಬರುವವರೆಗೂ ನೋವೇ ತಿಳಿಯಲಿಲ್ಲವೆಂದರೆ ಅದು ಗಂಡಸಿನ ಗಟ್ಟಿತನವಲ್ಲ. ಸಕ್ಕರೆ ಕಾಯಿಲೆಯ ಗುರುತಿರಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2021ರಲ್ಲಿ ದೇಶದ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆಯಿತ್ತು. ಹಳ್ಳಿಗಳೂ ಇದಕ್ಕೆ ಹೊರತಲ್ಲ.

ನೋವು ಕುಂದುವುದೇಕೆ?

ನೋವು ದೇಹದ ಕಾವಲುಗಾರ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳೂ ಅವುಗಳನ್ನು ಪೋಷಿಸುವ ಸಣ್ಣ ರಕ್ತನಾಳಗಳೂ ಕೆಡುತ್ತವೆ. ಪಾದದ ನರಗಳು ಎಲ್ಲಕ್ಕಿಂತ ಉದ್ದವಾದ್ದರಿಂದ ತೊಂದರೆ ಅಲ್ಲಿಂದಲೇ ಆರಂಭ. ಜೋಮು ಹಿಡಿಯುವುದು, ರಾತ್ರಿ ಉರಿ, ಕೊನೆಗೆ ಸ್ಪರ್ಶವೇ ಇಲ್ಲದಿರುವುದು ಇದರ ಲಕ್ಷಣಗಳು. ಇಂಥವರಲ್ಲಿ ಕೆಲವರಿಗೆ ಹೃದಯಾಘಾತವೂ ಎದೆನೋವಿಲ್ಲದೆ, ಬರಿಯ ಬೆವರು, ಏದುಸಿರು, ಸುಸ್ತಾಗಿ ಬರುತ್ತದೆ.

ನೋವು ಹೆಚ್ಚುವುದೇಕೆ?

ಹೊಟ್ಟೆಯ ಬೊಜ್ಜು ಮಂಡಿ, ಸೊಂಟಗಳಿಗೆ ಹೊರೆ. ಜೊತೆಗೆ ಉರಿಯೂತ ಹೆಚ್ಚಿಸುವ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ. ರಾತ್ರಿಯಿಡೀ ಪಂಪ್‌ಸೆಟ್ಟಿಗೆ ಕರೆಂಟು ಕಾಯುತ್ತ ನಿದ್ದೆಗೆಟ್ಟವನಿಗೆ ಮರುದಿನ ಸಣ್ಣ ನೋವೂ ದೊಡ್ಡದೆನಿಸುತ್ತದೆ. ಬೀಡಿ ಸೇದುವವರಲ್ಲಿ ಬೆನ್ನುನೋವು ಹೆಚ್ಚು. ಅತಿಯಾದ ಕುಡಿತ ನರಗಳನ್ನು ಕೆಡಿಸುತ್ತದೆ.

ಮಾಡಬೇಕಾದುದೇನು?

1. ಮೂವತ್ತು ದಾಟಿದ ಎಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಬೇಕು. ಬರಿಹೊಟ್ಟೆಯಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಕಾಯಿಲೆಯಿದೆಯೆಂದು ತಿಳಿಯಬೇಕು.

2. ಸೊಂಟದ ಸುತ್ತಳತೆ 90 ಸೆಂ.ಮೀ. ಮೀರದಂತೆ ನೋಡಿಕೊಳ್ಳಬೇಕು. ಟ್ರ್ಯಾಕ್ಟರ್, ಬೈಕು ಬಂದ ಮೇಲೆ ನಡಿಗೆ ಕಡಿಮೆಯಾಗಿದೆ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಬೇಕು.

3. ಮುದ್ದೆಯಾಗಲಿ ಅನ್ನವಾಗಲಿ ಮಿತಿಯಲ್ಲಿರಲಿ. ಸೊಪ್ಪು, ಕಾಳು ಹೆಚ್ಚಿರಲಿ.

4. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಹೊಲಕ್ಕಿಳಿಯಕೂಡದು. ಪಾದರಕ್ಷೆಯ ಒಳಗನ್ನು ಕೈಯಾಡಿಸಿ ನೋಡಿಯೇ ಮೆಟ್ಟಬೇಕು. ಉರಿಯೆಂದು ಕಾಲನ್ನು ಬಿಸಿನೀರಿನಲ್ಲಿ ಇಡಕೂಡದು, ಸುಟ್ಟರೂ ತಿಳಿಯದು.

5. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಅಪಾಯ. ವೈದ್ಯರನ್ನು ಕೇಳದೆ ಸೇವಿಸಬಾರದು.

ಎತ್ತು ಕುಂಟಿದರೆ ರೈತ ಆ ಕ್ಷಣವೇ ಗೊರಸು ಎತ್ತಿ ನೋಡುತ್ತಾನೆ. ಸಂಜೆ ಕಾಲು ತೊಳೆದಾಗ ತನ್ನ ಅಂಗಾಲನ್ನೂ ಹಾಗೆಯೇ ನೋಡಿಕೊಳ್ಳಲಿ. ಕಾಣದಿದ್ದರೆ ಮನೆಯವರಿಗೆ ತೋರಿಸಲಿ. ಸಣ್ಣ ಗಾಯವನ್ನು ಅಂದೇ ಕಂಡವನು ಕಾಲನ್ನು ಉಳಿಸಿಕೊಳ್ಳುತ್ತಾನೆ.