ಕೆಳಗಿನ ವಾಲ್ವ್ ತುಸು ಮುಚ್ಚಿ
ಕೋಡಿಂಬಾಳದ ಕಡೆ ಅಡಿಕೆ ತೋಟವೆಂದರೆ ಬರೀ ಬಯಲಲ್ಲ. ಹಿಂದೆ ಗದ್ದೆಯಿದ್ದ ತಗ್ಗಿನಿಂದ ಶುರುವಾಗಿ ಗುಡ್ಡದ ಮೈಯಲ್ಲಿ ತಟ್ಟು ತಟ್ಟಾಗಿ ಮೇಲೇರುತ್ತದೆ. ಪಂಪು ಮಾತ್ರ ಕೆಳಗೆ, ಹೊಳೆಬದಿಯಲ್ಲೋ ಕೆರೆಯಲ್ಲೋ. ಮಾರ್ಚ್ ಬಂದರೆ ಇಂಥ ತೋಟಗಳಲ್ಲಿ ಒಂದೇ ದೂರು: ಕೆಳಗಿನ ತಟ್ಟಿನಲ್ಲಿ ಕಾಲು ಹೂಳುವಷ್ಟು ನೀರು, ಮೇಲೆ ಸ್ಪ್ರಿಂಕ್ಲರ್ ತಿರುಗುವುದೇ ಇಲ್ಲ, ನಳ್ಳಿ ಉದುರುತ್ತಿದೆ. ಕೂಡಲೇ ಎಲ್ಲರ ಬಾಯಲ್ಲೂ ದೊಡ್ಡ ಮೋಟಾರಿನ ಮಾತು. ಮೋಟಾರಿಗೆ ದುಡ್ಡು ಸುರಿಯುವ ಮೊದಲು, ಈಗಿರುವ ಗೇಟ್ ವಾಲ್ವ್‌ಗಳನ್ನು ಹದಕ್ಕೆ ತನ್ನಿ ಎನ್ನುತ್ತೇನೆ ನಾನು.

ನೀರು 10 ಮೀಟರ್ ಮೇಲೇರುವಾಗ ಸುಮಾರು ಒಂದು ಕಿಲೋ ಒತ್ತಡ ಕಳೆದುಕೊಳ್ಳುತ್ತದೆ. ಮೇಲಿನ ತಟ್ಟಿನಲ್ಲಿ ಒಂದು ಕಿಲೋ ಉಳಿದಿದ್ದರೆ, 20 ಮೀಟರ್ ಕೆಳಗೆ ಮೂರು ಕಿಲೋ ಇರುತ್ತದೆ. ಒತ್ತಡ ಮೂರು ಪಟ್ಟಾದರೆ ಅದೇ ನಾಸಲ್‌ನಿಂದ ಬರುವ ನೀರು ಮುಕ್ಕಾಲು ಪಾಲಿನಷ್ಟು ಹೆಚ್ಚು. ಪೈಪಿನೊಳಗಿನ ಘರ್ಷಣೆ ಬೇರೆ: ಮೂರು ಇಂಚಿನ ಪೈಪಿನಲ್ಲಿ ಹೋಗುವ ನೀರನ್ನೇ ಎರಡು ಇಂಚಿನದಕ್ಕೆ ತುಂಬಿದರೆ ನಷ್ಟ ಸುಮಾರು ಏಳು ಪಟ್ಟು. ಮೋಟಾರು ದೊಡ್ಡದಾದರೂ ಈ ಅಸಮತೋಲನ ಹೋಗುವುದಿಲ್ಲ. ಕೆಳಗೆ ಒತ್ತಡ ವಿಪರೀತವಾಗಿ ನೀರು ಮಂಜಿನಂತೆ ಚದುರಿ ಗಾಳಿಪಾಲಾಗುತ್ತದೆ, ಪೈಪಿನ ಜಾಯಿಂಟ್ ಬಿಡುತ್ತದೆ. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಬೇಗ ಒಣಗುವುದು ಮೇಲಿನ ಮುರಕಲ್ಲಿನ ನೆಲ. ಬೇಡದ ಕಡೆಗೆ ಹೆಚ್ಚು, ಬೇಕಾದ ಕಡೆಗೆ ಕಡಿಮೆ.

1956ರಲ್ಲಿ ಶುರುವಾದ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಭಾಗ. ಸಿಪಿಸಿಆರ್‌ಐ ಶಿಫಾರಸಿನಂತೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್ ನೀರು. ನವೆಂಬರ್, ಡಿಸೆಂಬರಿನಲ್ಲಿ 7–8 ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇ ತನಕ 3–5 ದಿನಕ್ಕೊಮ್ಮೆ. ಮೇಲಿನ ಮರಕ್ಕೂ ಕೆಳಗಿನ ಮರಕ್ಕೂ ಒಂದೇ ಅಳತೆ ಸಿಗದ ತೋಟದಲ್ಲಿ ಈ ಲೆಕ್ಕ ಕಾಗದದಲ್ಲಷ್ಟೇ ಉಳಿಯುತ್ತದೆ.

ಇಂಗ್ಲೆಂಡಿನಂಥ ಚಳಿ ದೇಶದಲ್ಲಿ ನೆಲೆಸಿದ ನಮ್ಮವರಿಗೆ ಇದೇ ಸಮಸ್ಯೆ ಮನೆಯೊಳಗೇ ಇದೆ. ಅಲ್ಲಿ ಬಾಯ್ಲರಿನ ಬಿಸಿನೀರು ಕೋಣೆ ಕೋಣೆಯ ರೇಡಿಯೇಟರಿಗೆ ಸುತ್ತಿಬರುತ್ತದೆ. ಪಂಪಿಗೆ ಹತ್ತಿರದ್ದು ಕೈಸುಡುತ್ತದೆ, ಕೊನೆಯದು ಬೆಚ್ಚಗೂ ಆಗುವುದಿಲ್ಲ. ಅದು ಮುಚ್ಚಿದ ಸುತ್ತು, ಹಾಗಾಗಿ ಎತ್ತರದ ತೊಂದರೆಯಿಲ್ಲ; ಘರ್ಷಣೆಯದ್ದೇ ಆಟ. ಬಲ್ಲ ಪ್ಲಂಬರ್ ಬಾಯ್ಲರ್ ಬದಲಿಸುವುದಿಲ್ಲ. ಪ್ರತಿ ರೇಡಿಯೇಟರಿನ ಒಂದು ತುದಿಗೆ ಮುಚ್ಚಳ ಹಾಕಿಟ್ಟ ವಾಲ್ವ್ ಇರುತ್ತದೆ. ಹತ್ತಿರದವುಗಳ ಆ ವಾಲ್ವನ್ನು ತಿರುಗಿಸಿ ಬಿಗಿ ಮಾಡುತ್ತಾನೆ, ದೂರದ್ದನ್ನು ಪೂರ್ತಿ ತೆರೆದಿಡುತ್ತಾನೆ.

ತೋಟದಲ್ಲೂ ಕ್ರಮ ಅದೇ. ಒಟ್ಟಿಗೆ ಓಡಿಸುವ ಲೈನ್‌ಗಳ ವಾಲ್ವ್‌ಗಳನ್ನೆಲ್ಲ ಪೂರ್ತಿ ತೆರೆದು, ಗಾಳಿ ಹೋಗುವವರೆಗೆ ಪಂಪು ಓಡಲಿ. ಪ್ರತಿ ಲೈನಿನ ಒಂದು ನಾಸಲ್‌ಗೆ ಹೋಸ್ ಸಿಕ್ಕಿಸಿ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. ಒತ್ತಡದ ಗೇಜ್ ಇದ್ದರೆ ಕೆಲಸ ಇನ್ನೂ ಹಗುರ. ತೀರಾ ದುರ್ಬಲ ಲೈನನ್ನು ಮುಟ್ಟಬೇಡಿ. ಪಂಪಿಗೆ ಹತ್ತಿರದ, ತೀರಾ ಕೆಳಗಿನ ವಾಲ್ವ್‌ನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬನ್ನಿ. ಒಂದನ್ನು ತಿರುಗಿಸಿದರೆ ಉಳಿದವುಗಳ ನೀರೂ ಬದಲಾಗುತ್ತದೆ. ಹಾಗಾಗಿ ಒಂದೇ ಸುತ್ತಿಗೆ ಮುಗಿಯದು. ಬಕೆಟ್ ಹಿಡಿದು ಮತ್ತೆ ಮೇಲೇರಲೇಬೇಕು. ಗೇಟ್ ವಾಲ್ವ್‌ನಲ್ಲಿ ಆರಂಭದ ಸುತ್ತುಗಳಿಗೆ ಏನೂ ಆದಂತೆ ಕಾಣುವುದಿಲ್ಲ, ಮುಚ್ಚುವ ಹಂತದಲ್ಲಿ ನೀರು ದಿಢೀರನೆ ಇಳಿಯುತ್ತದೆ. ಕೊನೆಕೊನೆಗೆ ಕಾಲು ಸುತ್ತು ಸಾಕು.

ಹದ ಸಿಕ್ಕಿದ ಮೇಲೆ, ಪೂರ್ತಿ ಮುಚ್ಚಿದಲ್ಲಿಂದ ಎಷ್ಟು ಸುತ್ತು ತೆರೆದಿದೆ ಎಂದು ಪೈಪಿನ ಮೇಲೆ ಪೇಂಟಿನಲ್ಲಿ ಬರೆಯಿರಿ. ಕರೆಂಟ್ ಒಮ್ಮೊಮ್ಮೆ ಬರುವುದು ನಡುರಾತ್ರಿಗೆ; ಆ ಹೊತ್ತಿನಲ್ಲಿ ವಾಲ್ವ್ ತಿರುಗಿಸುವವರು ಯಾರಾದರೂ ಆಗಬಹುದು.

ಇಷ್ಟಾದರೂ ಮೇಲೆ ನೀರು ಸಾಲದಿದ್ದರೆ, ಮೇಲಿನ ತಟ್ಟನ್ನು ಪ್ರತ್ಯೇಕವಾಗಿ ಓಡಿಸಿ, ಮೇಲಕ್ಕೆ ಹೋಗುವ ಪೈಪಿನ ಗಾತ್ರ ಪರಿಶೀಲಿಸಿ. ಮೋಟಾರಿನ ವಿಚಾರ ಆಮೇಲೆ. ಮಳೆ ನಿಂತು ಮೊದಲ ನೀರು ಬಿಡುವ ದಿನವೇ ಬಕೆಟ್ ಹಿಡಿದು ತೋಟಕ್ಕಿಳಿಯಿರಿ. ಮಾರ್ಚ್‌ನ ಸೆಕೆಯಲ್ಲಿ ನಳ್ಳಿ ಉದುರಲು ಶುರುವಾದ ಮೇಲೆ ಹದ ಮಾಡಲು ಹೊರಟರೆ ಆ ವರ್ಷದ ಫಸಲಿಗೆ ತಡವಾಗಿರುತ್ತದೆ.