1600 ಮೀಟರ್ ಓಟ: ಕಾಲು ಮುರಿಯದೆ ಗುರಿ ಮುಟ್ಟುವುದು ಹೇಗೆ?

ಪೊಲೀಸ್ ನೇಮಕಾತಿಯ ಸುದ್ದಿ ಬಂದರೆ ಸಾಕು, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಕುಂದುರ್ಪಿ ಕಡೆಯ ಶಾಲಾ ಮೈದಾನ, ಕೆರೆ ಏರಿ, ಡಾಂಬರು ರಸ್ತೆಗಳೆಲ್ಲ ಬೆಳಗಿನ ಜಾವ ಓಡುವ ಹುಡುಗ ಹುಡುಗಿಯರಿಂದ ತುಂಬುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಕುಂಟುತ್ತಿರುತ್ತಾರೆ. "ಏನಪ್ಪಾ?" ಎಂದರೆ "ಮೊಣಕಾಲ ಕೆಳಗೆ ಮೂಳೆ ನೋವು ಸಾರ್, ಓಡಿದರೆ ಅದೇ ಹೋಗುತ್ತೆ" ಎನ್ನುತ್ತಾರೆ. ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂಬುದನ್ನು ಕ್ರೀಡಾ ವಿಜ್ಞಾನದವರು ಬಹಳ ಹಿಂದೆಯೇ ಪತ್ತೆ ಮಾಡಿದ್ದಾರೆ. ಅದು ನಮ್ಮ ಮೈದಾನಗಳಿಗೆ ಇನ್ನೂ ತಲುಪಿಲ್ಲ, ಅಷ್ಟೇ.

ಮೊದಲು ಲೆಕ್ಕ ನೋಡೋಣ. ಆಂಧ್ರದಲ್ಲಿ 2022ರ ಅಧಿಸೂಚನೆಯ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಗಂಡಸರು 1600 ಮೀಟರನ್ನು 8 ನಿಮಿಷದಲ್ಲಿ, ಹೆಂಗಸರು 10 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕಿತ್ತು. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗೆ ಗಂಡಸರಿಗೆ ಅದೇ 1600 ಮೀಟರು, ಸಮಯ 6 ನಿಮಿಷ 30 ಸೆಕೆಂಡು. ಅಗ್ನಿವೀರ್ ಆಗಬೇಕೆಂದರೆ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವರಿಗೇ ಪೂರ್ಣ 60 ಅಂಕ. ಯಾರಿಗೆ ಯಾವ ರಾಜ್ಯದಲ್ಲಿ ಅರ್ಹತೆ ಎಂಬುದು ಬೇರೆ ಮಾತು. ಓಡುವ ಕಾಲಿಗೆ ಗಡಿ ಗೊತ್ತಿಲ್ಲ. ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಅರ್ಜಿ ಹಾಕುವಾಗ ಆ ವರ್ಷದ ಅಧಿಸೂಚನೆಯನ್ನೇ ಓದಿಕೊಳ್ಳಿ.

ಆಂಧ್ರದ ಆ ನೇಮಕಾತಿಯಲ್ಲಿ ಪ್ರಿಲಿಮ್ಸ್ ನಡೆದದ್ದು 2023ರ ಜನವರಿಯಲ್ಲಿ, ದೈಹಿಕ ಪರೀಕ್ಷೆ ಶುರುವಾದದ್ದು 2024ರ ಡಿಸೆಂಬರ್ ಕೊನೆಗೆ. ಹತ್ತಿರ ಹತ್ತಿರ ಎರಡು ವರ್ಷ! ಇಂಥ ಕಡೆ ಏನಾಗುತ್ತದೆ ಹೇಳಿ. ಕಾದು ಕಾದು ಓಟ ಬಿಟ್ಟ ಹುಡುಗ, ತಾರೀಖು ಗೊತ್ತಾದ ಮಾರನೆಯ ದಿನದಿಂದ ದಿನಕ್ಕೆ ಎರಡು ಹೊತ್ತು ಓಡತೊಡಗುತ್ತಾನೆ. ಅಪಾಯ ಇರುವುದು ಅಲ್ಲೇ.

ಮೂಳೆ ಕಲ್ಲಲ್ಲ, ಜೀವ ಇರುವ ವಸ್ತು. ಹೊಸದಾಗಿ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ, ಆಮೇಲೆ ಆ ಜಾಗದಲ್ಲಿ ಗಟ್ಟಿ ಮೂಳೆ ಕಟ್ಟುತ್ತದೆ. ಹಳೆ ಗೋಡೆ ಕೆಡವಿ ಹೊಸದು ಕಟ್ಟಿದ ಹಾಗೆ. ಕೆಡವುವ ಕೆಲಸ ಕೆಲವೇ ವಾರದಲ್ಲಿ ಮುಗಿಯುತ್ತದೆ, ಕಟ್ಟುವುದಕ್ಕೆ ತಿಂಗಳುಗಳು ಬೇಕು. ಹಾಗಾಗಿ ಓಟ ಶುರುಮಾಡಿದ ಮೂರನೆಯ, ನಾಲ್ಕನೆಯ ವಾರದ ಹೊತ್ತಿಗೆ ದಮ್ಮು ಚೆನ್ನಾಗಿ ಬಂದಿರುತ್ತದೆ, ಆದರೆ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಹುಡುಗನಿಗೆ ಹುಮ್ಮಸ್ಸು ಬರುವುದೂ ಆಗಲೇ, ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುವುದೂ ಆಗಲೇ. ಇದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. 1855ರಲ್ಲೇ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ನಡೆದೂ ನಡೆದೂ ಪಾದ ಊದಿಸಿಕೊಂಡು ಬರುತ್ತಿದ್ದ ಸಿಪಾಯಿಗಳಲ್ಲಿ ಇದನ್ನು ಗುರುತಿಸಿದ್ದ.

ಇಸ್ರೇಲ್ ಸೇನೆಯ ವೈದ್ಯರು ಇದರ ಹಿಂದೆ ಇಪ್ಪತ್ತೈದು ವರ್ಷ ಬಿದ್ದಿದ್ದರು. ಬೂಟು ಬದಲಿಸಿ ನೋಡಿದರು, ಅಟ್ಟೆ ಬದಲಿಸಿ ನೋಡಿದರು. ಕೊನೆಗೆ ಹೆಚ್ಚು ಫಲ ಕೊಟ್ಟದ್ದು ಎರಡು ಸಾಮಾನ್ಯ ಸಂಗತಿ: ರಾತ್ರಿ ಕನಿಷ್ಠ ಆರು ಗಂಟೆ ನಿದ್ದೆ, ಮತ್ತು ಒಟ್ಟು ನಡಿಗೆಯಲ್ಲಿ ಕಡಿತ. ಬಿರುಕುಗಳು ಶೇ. 60ಕ್ಕಿಂತ ಹೆಚ್ಚು ಕಡಿಮೆಯಾದವು ಎಂದು 2008ರಲ್ಲಿ ಬರೆದರು. ರಾತ್ರಿ ಹನ್ನೊಂದರ ತನಕ ಮೊಬೈಲು, ನಾಲ್ಕಕ್ಕೆ ಎದ್ದು ಓಟ ಎನ್ನುವವರು ಇದನ್ನು ಎರಡು ಸಲ ಓದಿ.

ಇನ್ನೊಂದು ನಂಬಿಕೆ, ಓಟಕ್ಕೆ ಮುಂಚೆ ಕಾಲು ಎಳೆದು ಬಗ್ಗಿಸಿದರೆ ಗಾಯ ಆಗುವುದಿಲ್ಲ ಎಂಬುದು. ಆಸ್ಟ್ರೇಲಿಯಾ ಸೇನೆಗೆ ಹೊಸದಾಗಿ ಸೇರಿದ 1538 ಜನರ ಮೇಲೆ ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಎಳೆದವರಿಗೂ ಎಳೆಯದವರಿಗೂ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಸೇರುವಾಗಲೇ ದಮ್ಮು ಕಡಿಮೆ ಇದ್ದವರಿಗೆ ಗಾಯ ಹಲವು ಪಟ್ಟು ಹೆಚ್ಚು. ಎಂದರೆ ಅಧಿಸೂಚನೆ ಇರಲಿ ಬಿಡಲಿ, ವಾರಕ್ಕೆ ಮೂರು ನಾಲ್ಕು ದಿನ ಹಗುರವಾಗಿ ಓಡುತ್ತಾ ಇದ್ದವನಿಗೇ ಲಾಭ.

ನೋವು ಬಂದೇಬಿಟ್ಟರೆ? ಮೂಳೆಯ ಉದ್ದಕ್ಕೂ ಹರಡಿದ ನೋವು ಸಾಮಾನ್ಯವಾಗಿ ಓಟ ಕಡಿಮೆ ಮಾಡಿದರೆ ಇಳಿಯುತ್ತದೆ. ಒಂದೇ ಬೆರಳಿಟ್ಟು "ಇಲ್ಲೇ" ಎಂದು ತೋರಿಸುವ ಹಾಗಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಬಿರುಕಿನ ಅನುಮಾನ ಪಡಬೇಕು. ಓಡುವಾಗ ತೊಡೆಸಂದಿನಲ್ಲಿ ನೋವು ಬಂದರಂತೂ ಅಂದೇ ಓಟ ನಿಲ್ಲಿಸಿ ಮೂಳೆ ಡಾಕ್ಟರನ್ನು ಕಾಣಿ, ಅಲ್ಲಿ ಮೂಳೆ ಪೂರಾ ಮುರಿದರೆ ಆಪರೇಷನ್ ಬೇಕಾಗುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಅದನ್ನು ನೋಡಿ ಮತ್ತೆ ಓಡಬೇಡಿ. ನಮ್ಮ ಸೀಮೆಯಲ್ಲಿ ಕಾಲು ಎಂದರೆ ಮೊದಲು ನೆನಪಾಗುವುದು ಪುತ್ತೂರು ಕಟ್ಟು. ಆದರೆ ಈ ಬಿರುಕಿಗೆ ಕಟ್ಟಿಗಿಂತ ಮುಖ್ಯ, ದಿನಾ ಬೀಳುವ ಪೆಟ್ಟು ನಿಲ್ಲುವುದು. ಬಿಗಿಯಾಗಿ ತಿಕ್ಕಿಸಿಕೊಳ್ಳುವುದೂ, ನೋವಿನ ಇಂಜೆಕ್ಷನ್ ತೆಗೆದುಕೊಂಡು ಓಡುವುದೂ ಬೇಡ. ನೋವು ಮರೆಯಾಗುತ್ತದೆ, ಬಿರುಕು ಬೆಳೆಯುತ್ತದೆ.

ಹಾಗೆಂದು ಮಂಚ ಹಿಡಿಯಬೇಕಿಲ್ಲ. ನೋವಾಗದಿದ್ದರೆ ಸೈಕಲ್ ತುಳಿಯಬಹುದು, ಈಜಬಹುದು, ದಮ್ಮು ಉಳಿಯುತ್ತದೆ. ಡಾಕ್ಟರು ಒಪ್ಪಿ, ಅರ್ಧ ಗಂಟೆ ಜೋರಾಗಿ ನಡೆದರೂ ನೋವಿಲ್ಲ ಎಂದಾದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ದಿನ ಬಿಟ್ಟು ದಿನ ಶುರುಮಾಡಿ, ಮೆತ್ತನೆ ಮಣ್ಣಿನ ಮೇಲೆ.

ಇನ್ನು ಪರೀಕ್ಷೆಯ ದಿನ. 400 ಮೀಟರ್ ಟ್ರ್ಯಾಕಿನಲ್ಲಿ 1600 ಎಂದರೆ ನಾಲ್ಕು ಸುತ್ತು. 8 ನಿಮಿಷಕ್ಕೆ ಸುತ್ತಿಗೆ 2 ನಿಮಿಷ, ಆರೂವರೆ ನಿಮಿಷಕ್ಕೆ ಸುಮಾರು 97 ಸೆಕೆಂಡು, ಐದೂವರೆಗೆ 82. ಸೀಟಿ ಊದಿದ ಕೂಡಲೇ ಗುಂಪಿನ ಜೊತೆ ನುಗ್ಗಿ ಮೊದಲ ಸುತ್ತನ್ನು 75 ಸೆಕೆಂಡಿನಲ್ಲಿ ಮುಗಿಸಿ, ಮೂರನೆಯ ಸುತ್ತಿನಲ್ಲಿ ಕೈ ಚೆಲ್ಲುವವರೇ ಜಾಸ್ತಿ. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಮತ್ತು ಜೊತೆಗಾರರು ಒಂದು ಮೈಲಿ ಓಟದ 32 ವಿಶ್ವದಾಖಲೆಗಳ ಸುತ್ತು ಸುತ್ತಿನ ಸಮಯ ತೆಗೆದು ನೋಡಿದರು. ಮೈಲಿ ಎಂದರೆ ಹೆಚ್ಚು ಕಡಿಮೆ ನಮ್ಮ 1600. ಬಹುಪಾಲು ದಾಖಲೆಗಳಲ್ಲಿ ನಿಧಾನದ ಸುತ್ತು ಎರಡನೆಯದು ಅಥವಾ ಮೂರನೆಯದು, ಕೊನೆಯದಲ್ಲ. ದಾಖಲೆ ಮಾಡಿದವರೂ ಕೊನೆಗೆಂದು ಸ್ವಲ್ಪ ಉಳಿಸಿಟ್ಟುಕೊಂಡಿದ್ದರು. ಆದ್ದರಿಂದ ಗೆಳೆಯನ ಕೈಗೆ ಗಡಿಯಾರ ಕೊಟ್ಟು, ಒಂದು ಸುತ್ತನ್ನು ಬೇಕಾದ ಸಮಯಕ್ಕೆ ಸರಿಯಾಗಿ ಓಡುವುದನ್ನು ಕಲಿಯಿರಿ. ಮುಂಚೆ ಬಂದರೂ ತಪ್ಪೇ.

ಎದೆ ಡವಡವ ಎನ್ನುವುದು ಸಹಜ. ಹಾರ್ವರ್ಡ್‌ನ ಆಲಿಸನ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದು, ಭಾಷಣ, ಹಾಡು, ಲೆಕ್ಕದ ಪರೀಕ್ಷೆಗೆ ಮುಂಚೆ "ನನಗೆ ಉತ್ಸಾಹ ಬಂದಿದೆ" ಎಂದುಕೊಂಡವರು "ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಓಟದ ಮೇಲಿನ ಪ್ರಯೋಗವಲ್ಲ ಅದು, ಆದರೂ ಖರ್ಚಿಲ್ಲದ ಉಪಾಯ. ಕೋಚಿಂಗ್ ಕೊಡುವವರಿಗೂ ಒಂದು ಮಾತಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಸ್ಮಿತ್ ಮತ್ತು ಸ್ಮೋಲ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಬೈಗುಳ ಬಿಟ್ಟು ಮೆಚ್ಚುಗೆಯಿಂದ ತಿದ್ದುವುದನ್ನು ಕಲಿಸಿದರು. ಮರುವರ್ಷ ಅವರ ಬಳಿ ಆಟ ಬಿಟ್ಟ ಮಕ್ಕಳು ಶೇ. 5, ಉಳಿದ ಕೋಚ್‌ಗಳ ಬಳಿ ಶೇ. 26.

ಬಿಸಿಲನ್ನು ಮಾತ್ರ ಹಗುರವಾಗಿ ಕಾಣಬೇಡಿ. 2024ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಓಡುತ್ತಿದ್ದವನು ತೊದಲಿದರೆ, ತೂರಾಡಿದರೆ, ಎಲ್ಲಿದ್ದೇನೆ ಎಂದು ತಿಳಿಯದಿದ್ದರೆ ನೆರಳಿಗೆ ಎಳೆದು ಮೈಮೇಲೆ ತಣ್ಣೀರು ಸುರಿಯುತ್ತಲೇ 108ಕ್ಕೆ ಫೋನ್ ಮಾಡಿ. ಗಡಿಯ ಎರಡೂ ಕಡೆ ಅದೇ ನಂಬರು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರು ಗಮನಿಸಬೇಕಾದ್ದು ಊಟ. ಓಟ ಹೆಚ್ಚಾಗಿ ಊಟ ಸಾಲದೇ ಹೋದರೆ ಮುಟ್ಟು ನಿಲ್ಲುತ್ತದೆ, ಜೊತೆಗೆ ಮೂಳೆಯ ಶಕ್ತಿಯೂ ಇಳಿಯುತ್ತದೆ. ರಾಗಿ, ಕಡಲೆಕಾಯಿ, ಬೇಳೆ, ಸೊಪ್ಪು, ಮೊಟ್ಟೆ ನಮ್ಮಲ್ಲೇ ಸಿಗುತ್ತವೆ. ಮೂರು ತಿಂಗಳು ಮುಟ್ಟಾಗದಿದ್ದರೆ, ಅಥವಾ ಅಭ್ಯಾಸ ಮಾಡಿದರೂ ಏದುಸಿರು ಕಡಿಮೆಯಾಗದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ಓಟದ ವಿಷಯವನ್ನೂ ಹೇಳಿ.