ಗುತ್ತಿಗೆ ಕೆಲಸ ಹುಡುಕುವವರಿಗೆ ಮೂಸಾ(ಅ)ರ ದಾರಿ

(ಹೇರೋಹಳ್ಳಿಯ ಜುಮಾ ಪ್ರವಚನದ ಸಾರಾಂಶ)



ಹೇರೋಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿ ಕಡೆಯ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಪೀಣ್ಯದ ಶೆಡ್‌ಗಳಿಂದ, ಗಾರ್ಮೆಂಟ್ಸ್‌ನಿಂದ, ಕಟ್ಟಡದ ಕೆಲಸದಿಂದ. ಪೀಣ್ಯದ ಅನೇಕ ಸಣ್ಣ ಘಟಕಗಳು ದೊಡ್ಡ ಕಂಪನಿಗಳ ಜಾಬ್ ವರ್ಕ್ ನಂಬಿ ನಡೆಯುತ್ತವೆ. ಅಲ್ಲಿ ಆರ್ಡರ್ ಕಡಿಮೆಯಾದರೆ ಇಲ್ಲಿ ಮೊದಲು ಓವರ್‌ಟೈಮ್ ನಿಲ್ಲುತ್ತದೆ, ಆಮೇಲೆ ಗುತ್ತಿಗೆಯವರಿಗೆ ನಾಳೆಯಿಂದ ಬರಬೇಡಿ ಎನ್ನುತ್ತಾರೆ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾರದೆ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡುವ ಸಹೋದರರೂ ನಮ್ಮ ನಡುವೆ ಇದ್ದಾರೆ. ಖಾಯಂ ಕೆಲಸ ಸಿಗದ ಇಂಥ ಹೊತ್ತಿನಲ್ಲಿ ಗುತ್ತಿಗೆ ಕೆಲಸವನ್ನು ಹುಡುಕುವುದು ಹೇಗೆ, ಒಪ್ಪುವ ಮುನ್ನ ಏನು ಕೇಳಬೇಕು ಎಂಬುದನ್ನು ನೋಡೋಣ.

ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಇದಕ್ಕೊಂದು ಮಾದರಿ ಇದೆ. ಪ್ರವಾದಿ ಮೂಸಾ(ಅ) ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದಾಗ ಅವರಿಗೆ ಕೆಲಸವೂ ಇರಲಿಲ್ಲ, ಗುರುತಿನವರೂ ಇರಲಿಲ್ಲ. ಬಾವಿಯ ಬಳಿ ಕಾಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಮಂದೆಗೆ ನೀರು ಕುಡಿಸಿದರು. ನೆರಳಿಗೆ ಸರಿದು, ತಮ್ಮ ಅಗತ್ಯವನ್ನು ಅಲ್ಲಾಹನಲ್ಲಿ ಹೇಳಿಕೊಂಡರು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳು, ಈತ ಬಲಶಾಲಿ, ನಂಬಿಕಸ್ಥ, ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ತಂದೆಗೆ ಹೇಳಿದಳು. ತಂದೆ ಮಗಳ ವಿವಾಹದ ಮಾತಿನೊಂದಿಗೆ ಷರತ್ತು ಹೇಳಿದರು: ಎಂಟು ವರ್ಷ ದುಡಿಮೆ, ಹತ್ತು ತುಂಬಿಸಿದರೆ ಅದು ನಿಮ್ಮ ಇಷ್ಟ. ಮೂಸಾ(ಅ) ಒಪ್ಪಿ, ಅಲ್ಲಾಹನನ್ನು ಸಾಕ್ಷಿಯಾಗಿಸಿದರು. ಇದರಲ್ಲಿ ನಮಗೆ ಮೂರು ಪಾಠಗಳಿವೆ.

ಒಂದು, ಕೆಲಸ ಕಂಡವರ ಮಾತು. ಗುತ್ತಿಗೆ ಕೆಲಸ ಹೆಚ್ಚಾಗಿ ಬಾಯಿಮಾತಿನಲ್ಲೇ ಸಿಗುತ್ತದೆ. ಹಿಂದಿನ ಸೂಪರ್‌ವೈಸರ್, ಜೊತೆಗೆ ದುಡಿದವರು, ಸಾಮಾನು ತರುತ್ತಿದ್ದ ಟೆಂಪೋದವರು, ಇವರ ಪಟ್ಟಿ ಮಾಡಿ ಒಬ್ಬೊಬ್ಬರಿಗೂ ಫೋನ್ ಮಾಡಿ. 'ಏನಾದರೂ ಕೆಲಸ ಇದ್ದರೆ ಹೇಳಿ' ಎಂದರೆ ಯಾರಿಗೂ ನೆನಪಿರುವುದಿಲ್ಲ. 'ಎರಡು ವರ್ಷ ವಿಎಂಸಿ ಮೆಷಿನ್ ನಡೆಸಿದ್ದೇನೆ, ಡ್ರಾಯಿಂಗ್ ಓದುತ್ತೇನೆ, ರಾತ್ರಿ ಪಾಳಿಗೂ ಬರುತ್ತೇನೆ' ಎಂದರೆ ನೆನಪಿರುತ್ತದೆ.

ಎರಡು, ಬಲ ಮತ್ತು ನಂಬಿಕೆ. ಇಂದಿನ ಬಲವೆಂದರೆ ಕೈಯಲ್ಲಿರುವ ಕಸುಬು. ಕೆಲಸವಿಲ್ಲದ ತಿಂಗಳುಗಳನ್ನು ಕಲಿಕೆಗೆ ಬಳಸಿ. ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ, ಅಲ್ಲಿನ ಅಲ್ಪಾವಧಿ ಕೋರ್ಸುಗಳನ್ನು ವಿಚಾರಿಸಿ. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಇನ್ನು ನಂಬಿಕೆ: ಇಲ್ಲದ ಅನುಭವ ಹೇಳಬೇಡಿ. ಮೆಷಿನ್ ಮುಂದೆ ನಿಂತರೆ ಒಂದು ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ, ನಿಮ್ಮನ್ನು ಕಳಿಸಿದವರ ಮಾತೂ ಕೆಡುತ್ತದೆ.

ಮೂರು, ಸ್ಪಷ್ಟ ಷರತ್ತು. ಅವಧಿಯುಳ್ಳ ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್ ಬಕರ ಅಧ್ಯಾಯ ಕಲಿಸುತ್ತದೆ. ಮೊದಲು ದುಡಿದು ಆಮೇಲೆ ಕೂಲಿ ಪಡೆಯುವವನ ಹಣವೂ ಅಷ್ಟು ದಿನ ಇನ್ನೊಬ್ಬರ ಕೈಯಲ್ಲಿರುತ್ತದಲ್ಲವೇ? ಆದ್ದರಿಂದ ಎಷ್ಟು ತಿಂಗಳು, ದಿನಕ್ಕೆಷ್ಟು, ಓವರ್‌ಟೈಮ್ ಹೇಗೆ, ಸಂಬಳ ಯಾವ ತಾರೀಖು, ಪಿಎಫ್ ಮತ್ತು ಇಎಸ್‌ಐ ಉಂಟೇ ಎಂದು ಕೇಳಿ. ಗುತ್ತಿಗೆದಾರರು ಕಾಗದ ಕೊಡದಿದ್ದರೆ, ಮಾತಾಡಿದ್ದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ 'ಸರಿಯೇ?' ಎಂದು ಕೇಳಿ. ಅದೂ ಒಂದು ದಾಖಲೆ.

ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಅನ್ವಯಿಸುತ್ತದೆ. ನೌಕರನ ಪಾಲು ಶೇ. 0.75, ಮಾಲೀಕರದು ಶೇ. 3.25. ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ರಾಜಾಜಿನಗರ ಮತ್ತು ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಪಿಎಫ್‌ಗೆ 12 ಅಂಕಿಯ ಯುಎಎನ್ ಇರುತ್ತದೆ. ಗುತ್ತಿಗೆದಾರ ಬದಲಾದರೂ ಅದೇ ಸಂಖ್ಯೆ ಕೊಡಿ, ಹಣ ಕಟ್ಟುತ್ತಿದ್ದಾರೆಯೇ ಎಂದು ಪಾಸ್‌ಬುಕ್ ನೋಡುತ್ತಿರಿ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲೀಕರೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಆದ್ದರಿಂದ ಯಾವ ಕಂಪನಿಯ ಒಳಗೆ ದುಡಿಯುತ್ತಿದ್ದೀರಿ ಎಂಬುದಕ್ಕೆ ಗೇಟ್ ಪಾಸ್, ಹಾಜರಿಯ ಫೋಟೋ ಇಟ್ಟುಕೊಳ್ಳಿ. ದೂರಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಕೆಲಸ ಕೊಡಿಸುತ್ತೇವೆಂದು ಮೊದಲೇ ಡೆಪಾಸಿಟ್ ಕೇಳುವವರಿಗೆ, ಅಸಲು ಅಂಕಪಟ್ಟಿ ಇಟ್ಟುಕೊಳ್ಳುವವರಿಗೆ ಒಪ್ಪಬೇಡಿ. ಕೈ ಖಾಲಿಯಾದಾಗ ಮೊಬೈಲ್ ಸಾಲದ ಆ್ಯಪ್‌ಗಳ ಬಡ್ಡಿಗೆ ಬೀಳಬೇಡಿ. ಮನೆಯವರಿಗೆ ಹೇಳಿ, ಜಮಾಅತ್‌ಗೆ ಹೇಳಿ. ಮೂಸಾ(ಅ)ರಂಥವರೇ ತಮಗೆ ಅಗತ್ಯವಿದೆ ಎಂದು ಹೇಳಿಕೊಂಡಿರುವಾಗ ನಮಗೇಕೆ ನಾಚಿಕೆ?

ಕೊನೆಯದಾಗಿ, ನಮ್ಮ ಸಫ್‌ಗಳಲ್ಲೇ ನಿಲ್ಲುವ ಗುತ್ತಿಗೆದಾರ ಸಹೋದರರಿಗೆ ಒಂದು ಮಾತು. ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಂಪನಿಯ ಬಿಲ್ ಪಾಸಾಗಿಲ್ಲ ಎಂಬುದು ನಿಮ್ಮ ಮತ್ತು ಕಂಪನಿಯ ನಡುವಿನ ಲೆಕ್ಕ. ಆ ಹುಡುಗನ ಮನೆಯ ಬಾಡಿಗೆ ಅದಕ್ಕಾಗಿ ಕಾಯುವುದಿಲ್ಲ.

ಹಲಾಲ್ ದುಡಿಮೆ ಹುಡುಕುವ ಪ್ರತಿಯೊಬ್ಬರಿಗೂ ಅಲ್ಲಾಹನು ದಾರಿ ತೆರೆಯಲಿ, ಅವರ ಗಳಿಕೆಯಲ್ಲಿ ಬರಕತ್ ನೀಡಲಿ. ಆಮೀನ್.